ನಲವತ್ತೊಂದು ಹೆಜ್ಜೆ

ನನಗೆ ಬೈಯುವುದು ಬರುತ್ತದೆ, ಹೊಗಳುವುದು ಬರುವುದಿಲ್ಲ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಬೈಗುಳಕ್ಕೆ ಶಾಲೆ ಬೇಕಿಲ್ಲ, ಹೊಗಳಿಕೆಗೆ ಬೇಕೇನೋ. ಆದರೂ ನಮ್ಮೂರಿನ ಮೊದಲ ಹೆಜ್ಜೆ ಸಂಘದ ಬಗ್ಗೆ, ಅದರಲ್ಲೂ ಅದರ ಅಧ್ಯಕ್ಷೆ ನೀಲಗಂಗಮ್ಮ ಟೀಚರ್ ಬಗ್ಗೆ, ಒಳ್ಳೆಯದನ್ನೇ ಬರೆಯಬೇಕೆಂದು ಕೂತಿದ್ದೇನೆ. ನಡುವೆ ಸಿಟ್ಟು ಬಂದರೆ ಬರಲಿ. ಸಿಟ್ಟಿಲ್ಲದ್ದನ್ನು ಓದಿ ಹೇಳಿದರೆ, ಇದು ನೀನು ಬರೆದದ್ದಲ್ಲ ಬಿಡು ಅಂತ ನಮ್ಮಜ್ಜಿಯೇ ಎದ್ದು ಹೋಗುತ್ತಾಳೆ.

ನಮ್ಮೂರ ಮಣ್ಣಿನ ಮೇಲೆ ಮನುಷ್ಯ ಬರಿಗಾಲು ಊರಿದರೆ ಆ ಗುರುತು ಹೋಗುವುದಿಲ್ಲ. ಎತ್ತಿನ ಗೊರಸು, ನಾಯಿಯ ಕಾಲು, ಗಾಡಿಯ ಚಕ್ರ ಎಲ್ಲ ಒಂದು ಮಳೆಗೆ ಅಳಿಸುತ್ತವೆ. ಬರಿಗಾಲಿನದು ಮಾತ್ರ ನಿಂತುಬಿಡುತ್ತದೆ. ಮೇಲೆ ನೇಗಿಲು ಹಾಯಿಸಿ ಮಲಗಿದರೂ ಬೆಳಿಗ್ಗೆ ಐದು ಬೆರಳೂ ಅಲ್ಲೇ. ಹಾಗಾಗಿ ಹೊಸ್ತಿಲು ದಾಟುವ ಮೊದಲು ಎಲ್ಲರ ಕಾಲಿಗೂ ಚಪ್ಪಲಿ. ಕೂಸಿಗೆ ಒಂದು ವರ್ಷ ತುಂಬಿದ ದಿನ ಅಂಗಳದಲ್ಲಿ ಮೂರೇ ಹೆಜ್ಜೆ ಬರಿಗಾಲಲ್ಲಿ ನಡೆಸಿ, ನಾಲ್ಕನೆಯದಕ್ಕೆ ನಮ್ಮ ಅಂಗಡಿಯ ಅಂಗೈಯಷ್ಟಗಲದ ಚಪ್ಪಲಿ ತೊಡಿಸುತ್ತಾರೆ. ಪ್ರತಿ ಮನೆಯ ಮುಂದೆಯೂ ಅಂಥ ಮೂರು ಮೂರು ಪುಟ್ಟ ಹೆಜ್ಜೆ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಾಗ ಗೋಡೆಗೆ ಜಗಳ ಆಡುವುದಿಲ್ಲ, ಅಂಗಳಕ್ಕೆ ಆಡುತ್ತಾರೆ. ಪೇಟೆ ಬೀದಿಯಲ್ಲಿ ಒಬ್ಬ ಊರಿಗೇ ಶಾಪ ಹಾಕಿ, ಬೇಕಂತಲೇ ಚಪ್ಪಲಿ ಬಿಸಾಕಿ ಬರಿಗಾಲಲ್ಲಿ ಹೊರಟುಹೋದ. ಅವನ ತಾಯಿ ಆ ಹೆಜ್ಜೆಸಾಲಿನ ಎರಡೂ ಕಡೆ ಕನಕಾಂಬರ ನೆಟ್ಟಿದ್ದಾಳೆ. ಹೀಗೆ ನಡೆಯುತ್ತದೆ ನಮ್ಮೂರು. ಯಾಕೆ ಹೀಗೆ ಅಂತ ಪರವೂರಿನವರು ಕೇಳುತ್ತಾರೆ. ನಮ್ಮ ಮನೆಯವರಂತೂ ಕೇಳಿಲ್ಲ. ಚಪ್ಪಲಿ ಹೊಲಿಯುವವರ ಮನೆಯಲ್ಲಿ ಆ ಪ್ರಶ್ನೆ ಯಾರಿಗೆ ಬೇಕು? ಕಳ್ಳರೂ ನಮ್ಮ ಗಿರಾಕಿಗಳೇ.

ನಮ್ಮ ಮನೆಯಲ್ಲಿರುವುದು ನಾನು, ಹುಲುಗಪ್ಪ, ಮತ್ತು ನಮ್ಮಜ್ಜಿ ಹನುಮವ್ವ. ಅಂಗಡಿಯೂ ಮನೆಯೂ ಒಂದೇ. ಮುಂದೆ ತೊಗಲು, ಹಿಂದೆ ಒಲೆ. ಇಡೀ ಊರಿನ ಕಾಲು ನನ್ನ ಕೈಯಲ್ಲಿ ಅಳತೆಯಾಗಿದೆ, ಒಂದನ್ನು ಬಿಟ್ಟು. ಅಜ್ಜಿ ತನ್ನ ಕಾಲು ಅಳೆಯಲು ಕೊಡುವುದಿಲ್ಲ. ಅವಳದು ದೊಡ್ಡ ಕಾಲು. ಮದುವೆಯಾಗಿ ಬಂದಾಗ ಓಣಿಯ ಹೆಂಗಸರು, "ಸೊಸೆ ತಂದಿರೋ, ಮಣೆ ತಂದಿರೋ" ಅಂತ ನಕ್ಕಿದ್ದರಂತೆ. ಅಂದಿನಿಂದ ಎಪ್ಪತ್ತೈದರ ಈ ವಯಸ್ಸಿನವರೆಗೂ ಅವಳು ಕೇಳುವುದು ಒಂದೇ: "ಹೋದ ಸಲದ ಅಳತೀನ ಮಾಡು." ಹೋದ ಸಲದ್ದು ಸುಳ್ಳು ಅಳತೆ, ಕಾಲಿಗಿಂತ ಸಣ್ಣದು. ಅದರ ಹಿಂದಿನ ಸಲದ್ದೂ ಸುಳ್ಳು. ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿವೆ. ನಾನು ಬೈದರೆ, "ನನ್ನ ಕಾಲು, ನನ್ನ ನೋವು, ನಿನಗ್ಯಾಕಲೇ" ಅನ್ನುತ್ತಾಳೆ.

ಇನ್ನು ಸಂಘ. ಹೆಸರು ದೊಡ್ಡದು, ಜನ ಮೂರೇ. ಬಾವಿಯ ಬಯಲಿನಲ್ಲಿ ಊರಿಗೆ ಮೊದಲು ಕಾಲಿಟ್ಟವರ ನಲವತ್ತೊಂದು ಹೆಜ್ಜೆಗಳಿವೆ. ಅದಕ್ಕೂ ಹಿಂದಿನವು ಡಾಂಬರು ರಸ್ತೆಯಡಿ ಹೋಗಿವೆ. ಈ ನಲವತ್ತೊಂದು ಮಾತ್ರ ತೆರೆದ ಬಯಲಲ್ಲಿ, ಸಾಲಾಗಿ ಬಂದು ಒಂದು ಹಳೆಯ ಕಲ್ಲಿನ ಕಟ್ಟೆಯ ಬುಡದಲ್ಲಿ ಮುಗಿಯುತ್ತವೆ. ಕಟ್ಟೆಯ ಆಚೆ ಬಾವಿಯ ಹಾಸುಗಲ್ಲು ಶುರು. ದೊಡ್ಡ ಹೆಜ್ಜೆಗಳು, ಒಂದೊಂದೂ ಒಂದು ಬೆರಳು ಆಳ. ನೂರು ವರ್ಷದ ಹಿಂದೆ ಕೊಟ್ರಯ್ಯ ಎಂಬಾತ ಒಬ್ಬನೇ ಗುಡ್ಡ ದಾಟಿ ಬಂದ, ಕಟ್ಟೆಯಿರುವ ಜಾಗದಲ್ಲಿ ನಿಂತು "ಇಲ್ಲೇ" ಅಂದ, ಹನ್ನೊಂದು ದಿನದ ಮೇಲೆ ಉಳಿದವರು ಗಾಡಿಗಳಲ್ಲಿ ಬಂದರು ಅಂತ ಕಥೆ. ಏಳಡಿ ಆಳು ಅಂತ ಮಕ್ಕಳ ಪುಸ್ತಕದಲ್ಲಿದೆ. ಎರಡನೇ ಬೆರಳ ಬುಡದಲ್ಲಿ ಒಂದು ಗೀರು ಇದೆಯಲ್ಲ, ಅದು ಮುಳ್ಳು ಹೊಕ್ಕ ಗಾಯ ಅಂತ ಊರ ಹಾಡಿನಲ್ಲಿದೆ. ಮುಳ್ಳು ನೆಟ್ಟರೂ ನಿಲ್ಲದ ಕಾಲು ಅಂತ ನಾವೂ ಕೂಗಿ ಹಾಡಿದವರೇ.

ನೀಲಗಂಗಮ್ಮ ಟೀಚರ್ ಆ ಕೊಟ್ರಯ್ಯನ ಮೊಮ್ಮಗಳು. ಮದುವೆಯಾಗಲಿಲ್ಲ. ಮೂವತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ, ಮೊದಲು ಶಾಲೆಗೆ ಹೋಗುವ ಮುಂಚೆ, ಈಗ ರಿಟೈರಾದ ಮೇಲೂ ಅದೇ ಹೊತ್ತಿಗೆ, ಮೊಣಕಾಲೂರಿ ಮೇಕೆಕೂದಲ ಕುಂಚದಿಂದ ಒಂದೊಂದು ಹೆಜ್ಜೆಯನ್ನೂ ಗುಡಿಸುತ್ತಾರೆ. ಗುರುತು ಅಳಿಸುವುದಿಲ್ಲ ನಿಜ, ಆದರೆ ಮುಚ್ಚಿಹೋಗುತ್ತದೆ. ಎಲೆ, ಕಸ, ಯಾರೋ ಉಗುಳಿದ್ದು. ಗುಡಿಸಿ, ಹಗ್ಗದ ಆಚೆ ಬಂದು, ರಿಜಿಸ್ಟರಿನಲ್ಲಿ ಬರೆಯುತ್ತಾರೆ. ರಿಜಿಸ್ಟರಿನ ಮೊದಲ ಹಾಳೆಯಲ್ಲಿ ಸಂಘದ ಒಂದೇ ಒಂದು ನಿಯಮವಿದೆ: ಕಂಡದ್ದನ್ನೇ ಬರೆಯತಕ್ಕದ್ದು. ಎರಡನೆಯ ಸದಸ್ಯ ಮೌಲಾಸಾಬ್, ಕಲ್ಲುಕೆಲಸದವನು. ಹೆಜ್ಜೆಸಾಲಿನ ಸುತ್ತ ಕಲ್ಲಿನ ಅಂಚು ಕಟ್ಟಿದವನು ಅವನೇ. ಮೂರನೆಯವನು ಟೀಚರ ತಮ್ಮ ಚನ್ನಬಸಪ್ಪ, ಎಣ್ಣೆಗಿರಣಿಯ ಸಾವ್ಕಾರ.

ನನಗೂ ಟೀಚರಿಗೂ ಹಳೇ ಲೆಕ್ಕವೊಂದಿತ್ತು. ಆರನೇ ಕ್ಲಾಸಿನಲ್ಲಿ 'ನಮ್ಮೂರಿಗೆ ಮೊದಲು ಬಂದವರು' ಅಂತ ಬರೆದುಕೊಂಡು ಬರಲು ಹೇಳಿದ್ದರು. ನಾನು ಅಜ್ಜಿ ಹೇಳಿದ್ದನ್ನೇ ಬರೆದೆ: ನಮ್ಮಜ್ಜಿಯ ಅಜ್ಜಿ ದುರುಗವ್ವ ಬಂದಳು, ಕೊಟ್ರಯ್ಯನನ್ನು ಬೆನ್ನ ಮೇಲೆ ಹೊತ್ತು ತಂದಳು. ಟೀಚರ್ ಅದನ್ನು ಗಟ್ಟಿಯಾಗಿ ಓದಿಸಿದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಟೀಚರ್ ನಗಲಿಲ್ಲ. ಅದು ಇನ್ನೂ ಕೆಟ್ಟದ್ದು. ಕೆಂಪು ಶಾಯಿಯಲ್ಲಿ ಇಡೀ ಪುಟಕ್ಕೆ ಅಡ್ಡಗೆರೆ ಎಳೆದು, "ಕೇಳಿದ್ದನ್ನ ಬರೀಬಾರದು ಹುಲುಗಪ್ಪ, ಕಂಡದ್ದನ್ನ ಬರೀಬೇಕು. ಹೋಗಿ ಹೆಜ್ಜೆ ನೋಡಿ ಬಾ" ಅಂದರು. ನೋಡಲು ಹೋದರೆ ಹಗ್ಗದ ಹತ್ತಿರ ಚನ್ನಬಸಪ್ಪ ನಿಂತಿದ್ದ. "ನಿಮ್ಮಂಥೋರಿಗೆ ಹಗ್ಗದ ಆಚೆಯಿಂದನೇ ಕಾಣ್ತದ, ಹೋಗು" ಅಂದ. ನಾನು ಪುಸ್ತಕದ ಚೀಲವನ್ನು ಬಾವಿಗೆ ಎಸೆದು ಮನೆಗೆ ಬಂದೆ. ಮತ್ತೆ ಶಾಲೆಗೆ ಹೋಗಲಿಲ್ಲ. ಹನ್ನೆರಡು ವರ್ಷ ಆ ಸಿಟ್ಟನ್ನು ತೊಗಲಿಗೆ ಎಣ್ಣೆ ಉಜ್ಜಿದ ಹಾಗೆ ಉಜ್ಜುತ್ತಾ ಬಂದೆ. ಅಜ್ಜಿಯ ಮೇಲೂ ಸಿಟ್ಟು. ಸುಳ್ಳು ಹೇಳಿ ನನ್ನ ಮಾನ ಕಳೆದಳು ಅಂತ. ಯಾಕೆಂದರೆ ನನಗೂ ಆ ಕಥೆಯ ಮೇಲೆ ನಂಬಿಕೆ ಹೋಗಿತ್ತು.

ಈ ವರ್ಷ ಊರಿಗೆ ನೂರು ತುಂಬುತ್ತದೆ ಅಂತ ಚನ್ನಬಸಪ್ಪ ವಿಗ್ರಹ ಮಾಡಿಸಲು ಹೊರಟ. ಏಳಡಿ ಕೊಟ್ರಯ್ಯ, ಒಂದು ಕಾಲು ಮುಂದೆ, ಕೈ ಆಕಾಶಕ್ಕೆ. ಅದಕ್ಕೆ ಕಾಂಕ್ರೀಟು ಪೀಠ. ಪೀಠದಡಿ ಕೊನೆಯ ಹತ್ತು ಹೆಜ್ಜೆ ಮತ್ತು ಹಳೆಯ ಕಟ್ಟೆ ಮುಚ್ಚಿಹೋಗುತ್ತವೆ. ಟೀಚರ್ ಹೇಗೆ ಒಪ್ಪಿದರು ಅಂತ ಊರೆಲ್ಲ ಮಾತಾಡಿತು. ನನಗೆ ಆಮೇಲೆ ಗೊತ್ತಾಯಿತು: "ನಾನು ಹೋದ ಮೇಲೆ ಕುಂಚ ಹಿಡಿಯೋರು ಯಾರಿದ್ದಾರೆ? ವಿಗ್ರಹಕ್ಕಾದರೆ ಹಾರ ಹಾಕೋಕಾದರೂ ಬರ್ತಾರೆ" ಅಂತ ಸೋತಿದ್ದರಂತೆ. ವಿಗ್ರಹದ ಕಾಲಿಗೆ ಸರಿಯಾದ ಅಳತೆಯ ಚಪ್ಪಲಿ ಬೇಕು, ಶಿಲ್ಪಿ ಅದೊಂದನ್ನು ಕೆತ್ತುವುದು ಬಾಕಿ ಇಟ್ಟಿದ್ದಾನೆ ಅಂತ ಚನ್ನಬಸಪ್ಪನೇ ಅಂಗಡಿಗೆ ಬಂದ. "ಏನಲೇ ಹುಲುಗಾ, ನಿಮ್ಮ ವಂಶದಾಗ ಯಾರಿಗೂ ಸಿಗದ ಭಾಗ್ಯ. ಮೂಲಪುರುಷನ ಪಾದದ ಅಳತಿ ತಗೋ." ನನ್ನ ಬಾಯಿಗೆ ಬಂದದ್ದನ್ನು ಬರೆದರೆ ಈ ಕಾಗದ ಹೊತ್ತಿಕೊಳ್ಳುತ್ತದೆ. ಆದರೆ ಹಗ್ಗದ ಒಳಗೆ ಹೋಗುವ ಅವಕಾಶ. ಹೂಂ ಅಂದೆ.

ಮೃಗಶಿರೆ ಮಳೆ ಹಿಂದಿನ ದಿನವೇ ಸುರಿದಿತ್ತು. ಅಡಿಗೆ ಬಟ್ಟೆ ಹೊಲಿದ ಮೆಟ್ಟು ಹಾಕಿಕೊಂಡು ಹಗ್ಗ ದಾಟಿದೆ. ಟೀಚರ್ ಕುಂಚ ಹಿಡಿದು ದೂರದಲ್ಲಿ ನಿಂತಿದ್ದರು, ನಾನು ಯಾರೆಂದು ಗೊತ್ತೋ ಇಲ್ಲವೋ ತಿಳಿಯಲಿಲ್ಲ. ಕೂತು ಅಳತೆಪಟ್ಟಿ ಇಟ್ಟೆ. ಇಟ್ಟವನು ಅದನ್ನು ಎತ್ತುವುದು ಮರೆತೆ.

ಕಾಲಿನ ವಿಷಯದಲ್ಲಿ ನನಗೆ ಸುಳ್ಳು ಹೇಳಲಾಗುವುದಿಲ್ಲ. ಒಬ್ಬನೇ ನಡೆಯುವವನ ಭಾರ ಹಿಮ್ಮಡಿಗೆ ಬೀಳುತ್ತದೆ. ಎಲ್ಲರ ಚಪ್ಪಲಿಯೂ ಅಲ್ಲೇ ಸವೆಯುವುದು. ಬೆನ್ನ ಮೇಲೆ ಹೊರೆ ಹೊತ್ತವನದು ಮುಂಗಾಲಿಗೆ. ಹಮಾಲರ ಚಪ್ಪಲಿಯ ಮುಂದಿನ ಅಟ್ಟೆಗೆ ನಾನು ಎರಡು ಪದರ ಹಾಕುವುದು ಅದಕ್ಕೇ. ಈ ನಲವತ್ತೊಂದರಲ್ಲೂ ಹಿಮ್ಮಡಿ ತೆಳು, ಮುಂಗಾಲು ಆಳ, ಬೆರಳುಗಳು ಮಣ್ಣನ್ನು ಕಚ್ಚಿ ಹಿಡಿದಿವೆ. ಆಮೇಲೆ ಆ ಗಾಯ. ಎಡಗಾಲಿನಲ್ಲೂ ಇತ್ತು, ಬಲಗಾಲಿನಲ್ಲೂ ಇತ್ತು. ಎರಡೂ ಕಾಲಿನ ಎರಡನೇ ಬೆರಳಿಗೆ, ಒಂದೇ ಜಾಗಕ್ಕೆ ನೆಡುವ ಮುಳ್ಳು ಯಾವುದಪ್ಪ? ಹೆಂಗಸರ ಹಳೇ ಚಪ್ಪಲಿ ರಿಪೇರಿಗೆ ಬಂದಾಗ ಒಳಗಿನ ತೊಗಲಿನ ಮೇಲೆ ಇದೇ ಗೀರನ್ನು ನಾನು ದಿನಾ ನೋಡುತ್ತೇನೆ. ಕಾಲುಂಗುರ ಕಚ್ಚಿದ ಗುರುತು. ಇಡೀ ಊರಿಗೆ ಅದು ತಿಳಿಯದೆ ಹೋದದ್ದು ಯಾಕೆಂದರೆ, ನಮ್ಮೂರಲ್ಲಿ ಕಾಲುಂಗುರ ತೊಟ್ಟ ಹೆಂಗಸು ಬರಿಗಾಲಲ್ಲಿ ಮಣ್ಣು ಮುಟ್ಟಿದ್ದನ್ನು ನೂರು ವರ್ಷದಿಂದ ಯಾರೂ ನೋಡಿಲ್ಲ. ಮೂರು ಹೆಜ್ಜೆ ನಡೆಯುವ ಕೂಸಿಗೆ ಎಲ್ಲಿಯ ಕಾಲುಂಗುರ?

ಮನೆಗೆ ಬಂದಾಗ ಅಜ್ಜಿ ಒಲೆ ಊದುತ್ತಿದ್ದಳು. "ಯಾರನ್ನ ಹೊಡೆದು ಬಂದೀಯಲೇ? ಮಕ ಹಂಗೈತಿ" ಅಂದಳು.

"ಅಜ್ಜೀ, ದುರುಗವ್ವನ ಕಥಿ ಇನ್ನೊಮ್ಮೆ ಹೇಳು."

ಊದುಗೊಳವೆ ಕೆಳಗಿಟ್ಟಳು. "ಹನ್ನೆರಡು ವರ್ಷದ ಹಿಂದ ಆ ಹೆಸರು ಎತ್ತಿದ್ರ ಅನ್ನ ಬಿಡ್ತೀನಿ ಅಂದೋನು ನೀನ."

"ಈಗ ಉಣ್ತೀನಿ. ಹೇಳು."

"ಹೇಳೋದೇನೈತಿ. ಗುಡ್ಡದ ಆಚೆ ಕೊಟ್ರಯ್ಯನ ಕಾಲು ಮುರಿದಿತ್ತು. ಜೊತಿಗಿದ್ದೋರು ಗಾಡಿ ತರ್ತೀವಿ ಅಂತ ಹೇಳಿ ಹಿಂದಕ್ಕ ಹೋದ್ರು. ತೊಗಲಿನ ಗಂಟು ಹೊತ್ತು ಸಂತಿಗೆ ಹೊಂಟಿದ್ದ ನಮ್ಮಜ್ಜಿ ನೋಡಿದ್ಲು. ಗಂಟು ಅಲ್ಲೇ ಒಗೆದು ಇವನ್ನ ಬೆನ್ನಿಗೆ ಹಾಕ್ಕೊಂಡ್ಲು. ನೀರು ಕಂಡಲ್ಲಿ ಇಳಿಸಿದ್ಲು. ಗಂಟು ಕಳೆದದ್ದಕ್ಕ ಗಂಡನ ಕೈಲಿ ಬೈಸಿಕೊಂಡ್ಲಂತ ಬೇರೆ." ಅಜ್ಜಿ ನಕ್ಕಳು. "ಮೂರನೇ ದಿನಕ್ಕ ಅವನಿಗೆ ಕೆರ ಹೊಲಿದು ಕೊಟ್ಟಾಕೀನೂ ಅವಳ. ಕೊಟ್ರಯ್ಯ ಇರೋತನಕ ಎಲ್ರ ಮುಂದೂ ಹೇಳ್ತಿದ್ನಂತ, ದುರುಗೀ ನನ್ನ ಹೊತ್ತು ತಂದ್ಲು ಅಂತ. ಅವನ ಮಗನ ಕಾಲಕ್ಕ ಆ ಮಾತು ನಿಂತುಹೋತು."

ಪೀಠಕ್ಕೆ ಕಾಂಕ್ರೀಟು ಸುರಿಯುವುದಕ್ಕೆ ಇನ್ನೆರಡೇ ದಿನ ಇತ್ತು. ಆಮೇಲೆ ನೋಡುತ್ತೇನೆಂದರೂ ನೋಡಲು ಏನೂ ಇರುವುದಿಲ್ಲ. ಮರುದಿನ ಬೆಳಿಗ್ಗೆ ಹೆಂಗಸರ ಹಳೇ ಚಪ್ಪಲಿ ಆರು, ಹಮಾಲರ ಚಪ್ಪಲಿ ನಾಲ್ಕು, ಒಂದು ಚೀಲಕ್ಕೆ ತುಂಬಿಕೊಂಡು ಸಂಘದ ಕೋಣೆಗೆ ನುಗ್ಗಿದೆ. ಮೂವರೂ ಆಮಂತ್ರಣ ಪತ್ರಿಕೆ ಮಡಚುತ್ತಿದ್ದರು. ಚೀಲವನ್ನು ಪತ್ರಿಕೆಗಳ ಮೇಲೆಯೇ ಸುರಿದೆ.

ನಾನು ಹೇಗೆ ಮಾತಾಡಿದೆನೋ ನೆನಪಿಲ್ಲ. ಕೂಗಾಡಿದೆ. ಚನ್ನಬಸಪ್ಪ ಮೂಗಿಗೆ ಶಲ್ಯ ಹಿಡಿದುಕೊಂಡು ಕೇಳಿದ. ಮುಗಿದ ಮೇಲೆ ಅಂದ, "ಚಪ್ಪಲಿ ಹೊಲಿಯೋನು ಚರಿತ್ರೆ ಹೊಲಿಯಾಕ ಬಂದಾನ. ಅಕ್ಕಾ, ಇವನ್ನ ಹೊರಗ ಹಾಕಲಾ?"

ಟೀಚರ್ ಒಂದು ಹಳೇ ಚಪ್ಪಲಿ ಎತ್ತಿ ಒಳಗಿನ ಗೀರನ್ನು ಬೆರಳಿನಿಂದ ಮುಟ್ಟಿದರು. ಇನ್ನೊಂದು ಎತ್ತಿದರು. ಆರನ್ನೂ ಮುಟ್ಟಿ ನೋಡಿದ ಮೇಲೆ ಎದ್ದು ಹೋಗಿ ಬೀರುವಿನಿಂದ ರಿಜಿಸ್ಟರುಗಳನ್ನೆಲ್ಲ ತಂದರು. ಅತ್ಯಂತ ಹಳೆಯದನ್ನು ತೆಗೆದು ನನ್ನ ಕಡೆ ತಿರುಗಿಸಿ, "ಓದು" ಅಂದರು.

ನಾನು ಕೂಡಿಸಿ ಕೂಡಿಸಿ ಓದಿದೆ. 'ಎಡಗಾಲು, ಬಲಗಾಲು ಎರಡರಲ್ಲೂ ಎರಡನೇ ಬೆರಳಿನ ಬುಡದಲ್ಲಿ ಸುತ್ತುಗೆರೆ. ಏನೆಂದು ತಿಳಿಯದು.' ಮುಂದಿನ ವರ್ಷದ ರಿಜಿಸ್ಟರಿನ ಮೊದಲ ದಿನವೂ ಅದೇ. ಅದರ ಮುಂದಿನ ವರ್ಷವೂ. ಏನೆಂದು ತಿಳಿಯದು, ಏನೆಂದು ತಿಳಿಯದು. ಮೂವತ್ತೊಂದು ಸಲ.

"ಗಾಯ ಅಂತ ಹಾಡಿನಲ್ಲಿದೆ. ನನ್ನ ಪುಸ್ತಕದಲ್ಲಿಲ್ಲ" ಅಂದರು ಟೀಚರ್. "ಕಾಲುಂಗುರ ಅಂತ ನೀನು ಅನ್ನುತ್ತೀ. ಹೆಂಗಸಿನ ಕಾಲು ಅಂತ ಆಯಿತು. ಹೊತ್ತುಕೊಂಡು ಬಂದಳು ಅನ್ನೋದಕ್ಕೆ?"

"ಆಳ ಐತಲ್ಲ ಟೀಚರ್. ಒಬ್ಬರ ಭಾರಕ್ಕ ಅಷ್ಟು ಇಳಿಯಂಗಿಲ್ಲ."

"ನೀನು ಹೇಳಿದ್ದು. ಕಂಡದ್ದಲ್ಲ."

ಹನ್ನೆರಡು ವರ್ಷದ ಸಿಟ್ಟೆಲ್ಲ ಸೇರಿಸಿ ಕೂಗಿದೆ. "ಹಂಗಾರ ಕಾಣಿಸ್ತೀನಿ ಬರ್ರಿ! ನಿನ್ನೆ ಮೊನ್ನೆ ಮಳಿ ಆಗೈತಿ. ಕೊಟ್ರಯ್ಯ ಬಂದಿದ್ದೂ ಮೃಗಶಿರೆ ಮಳಿ ಮರುದಿನ ಅಂತ ನಿಮ್ಮ ಹಾಡಿನಾಗ ಐತಿ. ಆ ಸಾಲಿನ ಪಕ್ಕದಾಗ ನಾನು ಬರಿಗಾಲಲ್ಲಿ ನಡೀತೀನಿ. ಮೊದಲು ಒಬ್ಬನ, ಆಮ್ಯಾಗ ನಿಮ್ಮನ್ನ ಹೊತ್ತು. ಅಳೀರಿ!"

ಬಾಯಿಂದ ಬಂದ ಮೇಲೆ ನನಗೇ ಗಾಬರಿ. ಆ ಬಯಲಲ್ಲಿ ಬರಿಗಾಲಿಡುವುದೆಂದರೆ ಏನು ಅಂತ ಪರವೂರಿನವರಿಗೆ ಅರ್ಥವಾಗಲಿಕ್ಕಿಲ್ಲ. ನಾನು ಸುಳ್ಳಾದರೆ ನನ್ನ ಮೂರ್ಖತನ ಮೂಲಪುರುಷನ ಪಕ್ಕದಲ್ಲೇ ಊರು ಇರುವ ತನಕ ಇರುತ್ತದೆ. ನಿಜವಾದರೆ ಟೀಚರ ಅಜ್ಜನ ಏಳಡಿ ಹೋಗುತ್ತದೆ, ಅವರ ಮೂವತ್ತೊಂದು ವರ್ಷದ ಮೊಣಕಾಲು ಯಾರದೋ ಕಾಲಿಗೆ ಊರಿದ ಹಾಗಾಗುತ್ತದೆ. ಚನ್ನಬಸಪ್ಪ ಎದ್ದು ನಿಂತ. "ಅಕ್ಕಾ, ಇವನ ಬೆನ್ನ ಮ್ಯಾಲ ನೀನು? ಊರು ನಗ್ತದ."

"ನಗಲಿ ಬಿಡೋ" ಅಂದರು ಟೀಚರ್. ಕನ್ನಡಕ ತೆಗೆದು ಸೆರಗಿಗೆ ಒರೆಸಿ ಮತ್ತೆ ಹಾಕಿಕೊಂಡರು. "ಮೌಲಾಸಾಬ್, ಒಂದು ಪರಕೆ ಕಡ್ಡಿ ತಗೊಂಡು ಬಾ."

ಬಯಲಿಗೆ ಹೋಗುವಷ್ಟರಲ್ಲಿ ಐವತ್ತು ಜನ ಸೇರಿದ್ದರು. ಅಜ್ಜಿಯೂ ಯಾರದೋ ಕೈ ಹಿಡಿದು ಕುಂಟುತ್ತಾ ಬಂದಿದ್ದಳು. ಚಪ್ಪಲಿ ಬಿಟ್ಟೆ. ಒಂದು ವರ್ಷದ ಕೂಸಾಗಿದ್ದಾಗ ಮುಟ್ಟಿದ ಮಣ್ಣು. ತಣ್ಣಗಿತ್ತು. ಒಬ್ಬನೇ ಐದು ಹೆಜ್ಜೆ ನಡೆದೆ. ಮೌಲಾಸಾಬ್ ಕಡ್ಡಿ ಇಳಿಸಿ, ಉಗುರಿನಿಂದ ಗುರುತು ಮಾಡಿ ಮುರಿದು ಎತ್ತಿ ತೋರಿಸಿದ. ಅರ್ಧ ಬೆರಳು. ಅದನ್ನು ಹಳೆಯ ಹೆಜ್ಜೆಯೊಳಗೆ ಇಟ್ಟರೆ ಅರ್ಧಕ್ಕೇ ನಿಂತಿತು.

ನಾನು ಕುಕ್ಕರಗಾಲಲ್ಲಿ ಕೂತೆ. ಟೀಚರ್ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಚಪ್ಪಲಿಕಾಲನ್ನು ಮಣ್ಣಿಗೆ ತಾಗದ ಹಾಗೆ ಮಡಚಿ, ಬೆನ್ನು ಹತ್ತಿ ಕುತ್ತಿಗೆ ತಬ್ಬಿದರು. "ಬೀಳಿಸಬೇಡ ಕಣೋ. ಪಿಂಚಣಿ ನಿಂತುಹೋಗುತ್ತೆ."

"ಬಿದ್ರ ಇಬ್ಬರೂ ಬೀಳೋಣ ಟೀಚರ್. ಚೀಲ ಎಸೆದ ಬಾವಿ ಇಲ್ಲೇ ಐತಿ."

ಕಿವಿಯ ಹತ್ತಿರ ಉಸಿರು ಕೇಳುತ್ತಿತ್ತು. "ನಿನ್ನ ಚೀಲ ಮರುದಿನ ನಾನೇ ಎತ್ತಿಸಿದೆ. ಒಣಗಿಸಿ ಇಟ್ಟಿದ್ದೆ. ಬರ್ತೀಯ ಅಂದುಕೊಂಡೆ" ಅಂದರು. ಆಗ ನನ್ನ ಕಣ್ಣು ಯಾಕೆ ಮಂಜಾಯಿತೋ, ಭಾರಕ್ಕಿರಬೇಕು.

ಹನ್ನೊಂದು ಹೆಜ್ಜೆ ನಡೆದೆ. ಹಳೆಯ ಸಾಲಿನ ಪಕ್ಕದಲ್ಲೇ, ಒಂದಕ್ಕೊಂದು ಸಮನಾಗಿ. ಮುಂಗಾಲು ಕಚ್ಚಿತು, ಬೆರಳು ಮಣ್ಣು ಹಿಡಿಯಿತು. ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಆ ಹೆಂಗಸು ಗುಡ್ಡದ ಆಚೆಯಿಂದ ಇಂಥ ಭಾರವನ್ನು ಹೇಗೆ ತಡೆದುಕೊಂಡಳೋ ಅನ್ನುವುದೊಂದು ಬಿಟ್ಟರೆ. ಮೌಲಾಸಾಬ್ ಹಿಂದೆಯೇ ಬಗ್ಗಿಕೊಂಡು ಬಂದ. ಕೊನೆಗೆ ಕಡ್ಡಿ ಎತ್ತಿ ಹಿಡಿದ. "ಒಂದು ಬೆರಳಿಗೆ ಕೂದಲೆಳೆ ಕಡಿಮಿ ಐತ್ರಿ ಅಮ್ಮಾ."

"ಟೀಚರು ಬೆಳಿಗ್ಗೆ ಉಪ್ಪಿಟ್ಟು ತಿಂದಿಲ್ಲ, ಅದಕ್ಕ" ಅಂತ ಅಜ್ಜಿ ಗುಂಪಿನಿಂದ ಕೂಗಿದಳು. ಜನ ನಕ್ಕರು. ನಗು ಬೇಗ ನಿಂತಿತು.

ಆಗ ನಾವು ಕಟ್ಟೆಯ ಬುಡದಲ್ಲಿದ್ದೆವು. "ನಿಲ್ಲು" ಅಂದರು ಟೀಚರ್, ಇನ್ನೂ ನನ್ನ ಬೆನ್ನ ಮೇಲಿಂದಲೇ. "ಹೊತ್ತು ತಂದವಳು ಇಲ್ಲಿ ಇಳಿಸಿರಬೇಕು. ಇಳಿಸಿದ್ದರೆ ನನ್ನಜ್ಜನ ಕಾಲು ಈ ಕಟ್ಟೆಯಡಿ ಇರಬೇಕು." ಮತ್ತೆ ಅಂದರು, ತಮಗೇ ಹೇಳಿಕೊಳ್ಳುವಂತೆ, "ಅಪ್ಪ ಮೊದಲು ಕಟ್ಟಿಸಿದ್ದೇ ಇದನ್ನ. ಅಂಚು ಇರಲಿಲ್ಲ, ಹಗ್ಗ ಇರಲಿಲ್ಲ. ಇಷ್ಟುದ್ದ ಸಾಲು ಬಿಸಿಲಿಗೆ ಬಿದ್ದಿತ್ತು. ಈ ಒಂದು ಜಾಗಕ್ಕೆ ಮಾತ್ರ ಕಲ್ಲು ಹೊರಿಸಿದ."

ಚನ್ನಬಸಪ್ಪನಿಗೆ ಅದು ಮೊದಲೇ ಗೊತ್ತಿತ್ತೋ ಇಲ್ಲವೋ, ನನಗೆ ಈಗಲೂ ತಿಳಿಯದು. ಅವನ ಮುಖ ಮಾತ್ರ ಬಿಳಚಿತು. "ಅಕ್ಕಾ, ಬ್ಯಾಡ. ಅಪ್ಪನ ಕೈ ಕೆಲಸ ಅದು. ಮನಿತನದ ಮಾನ."

"ಮನೆತನದ ಮಾನಕ್ಕೆ ನಾನು ಮೂವತ್ತೊಂದು ವರ್ಷ ಗುಡಿಸಿದ್ದೀನಾ ಚನ್ನೂ? ಆ ಮೊದಲನೇ ಹಾಳೆ ನಾನೇ ಬರೆದದ್ದು. ನನ್ನ ಅಕ್ಷರ ಅದು." ಟೀಚರ್ ಹಾಸುಗಲ್ಲಿನ ಮೇಲೆ ಇಳಿದರು. "ಮೌಲಾಸಾಬ್, ಒಡಿ."

ಮೌಲಾಸಾಬ್ ಹಾರೆ ತಂದ. ಹೊಡೆಯುವ ಮೊದಲು ಕಟ್ಟೆಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ. ನನಗೆ ತಡೆಯಲಾಗಲಿಲ್ಲ, ನಾನೂ ಹಾರೆ ಹಿಡಿದೆ. ಅವನು ಗದರಿದ: "ಸಿಟ್ಟಿನಾಗ ಹೊಡೀಬ್ಯಾಡ ಬೇಟಾ, ಒಳಗಿರೋದಕ್ಕ ಪೆಟ್ಟಾದೀತು." ಹಾರೆ ಕೆಳಗಿಟ್ಟು ಅವನ ಹಿಂದೆ ನಿಂತು ಒಂದೊಂದೇ ಕಲ್ಲು ಎತ್ತಿಟ್ಟೆ. ಕೊನೆಯ ಚಪ್ಪಡಿ ಸರಿದಾಗ ಟೀಚರ್ ಕುಂಚ ಹಿಡಿದು ಮೊಣಕಾಲೂರಿದರು.

ಮೊದಲು ಕಂಡದ್ದು ಎರಡು ಸಣ್ಣ ಹೆಜ್ಜೆ. ತೆಳ್ಳನೆಯ, ಉದ್ದ ಬೆರಳಿನ, ಹದಿನೈದರ ಹುಡುಗನದೋ ಅನ್ನುವಂಥ ಕಾಲು. ಎಡಗಾಲು ಪೂರ್ತಿ ಊರಿತ್ತು. ಬಲಗಾಲಿನದು ಬೆರಳತುದಿ ಮಾತ್ರ, ನೋವಿಗೆ ಎತ್ತಿ ಹಿಡಿದ ಹಾಗೆ. ಅವುಗಳ ಎದುರು, ಒಂದು ಮೊಳದ ದೂರದಲ್ಲಿ, ಅವುಗಳಿಗೆ ಮುಖಮಾಡಿ ನಿಂತ ಎರಡು ದೊಡ್ಡ ಹೆಜ್ಜೆ. ಅದೇ ಅಗಲ, ಅದೇ ಕಾಲುಂಗುರದ ಗೀರು. ಆಳ ಮಾತ್ರ ಅರ್ಧ ಬೆರಳು. ಭಾರ ಇಳಿಸಿದ ಮೇಲಿನ ಕಾಲು. ಇಳಿಸಿ, ತಿರುಗಿ, ಬದುಕಿದ್ದಾನೋ ಅಂತ ಅವನ ಮುಖ ನೋಡಿದ್ದಾಳೆ.

ಟೀಚರ್ ಅಜ್ಜನ ಕಾಲಿನ ಮೇಲೆ ಅಂಗೈ ಇಟ್ಟರು. ಅಂಗೈಗೆ ಮುಚ್ಚಿಹೋಗುವಷ್ಟು ಸಣ್ಣದು. "ಎಷ್ಟು ನೋವಾಗಿತ್ತೋ ಪಾಪ" ಅಂದರು. ನಾನು ಕಾದಿದ್ದು ಬೇರೆ ಏನೋ. ಅವರು ಅಳಬೇಕು, ಸೋಲಬೇಕು, ನನ್ನ ಮುಂದೆ ತಲೆ ತಗ್ಗಿಸಬೇಕು ಅಂತ ಹನ್ನೆರಡು ವರ್ಷ ಕಾದಿದ್ದೆ. ಅವರು ಎದ್ದು, ಸೀರೆಯ ಮಣ್ಣು ಕೊಡವಿ, ರಿಜಿಸ್ಟರು ತರಿಸಿ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. "ಬರಿ."

"ನಂಗ ಬರಿಯಾಕ ಬರಂಗಿಲ್ಲ ಟೀಚರ್. ತಪ್ಪಾಗ್ತಾವ."

"ತಪ್ಪಾದರೆ ಆಗಲಿ. ಕಂಡದ್ದನ್ನ ಬರಿ. ಅವತ್ತು ನಿನಗೆ ಹೋಗಿ ನೋಡು ಅಂದೆ. ಜೊತೆಗೆ ನಾನು ಬಂದು ಹಗ್ಗ ಎತ್ತಬೇಕಿತ್ತು. ಎತ್ತಲಿಲ್ಲ."

ಇಷ್ಟು ಮಾತು ನನ್ನ ಮುಂದೆ ಹೇಳಿದವರು ಈ ಊರಲ್ಲಿ ಇನ್ನೊಬ್ಬರಿಲ್ಲ. ಐವತ್ತು ಜನರೆದುರು ಹೇಳಿದರು. ನಾನು ಹಾಸುಗಲ್ಲಿನ ಮೇಲೆ ಕೂತು ಅರ್ಧ ಪುಟ ಬರೆದೆ. ದುರುಗವ್ವನ ಹೆಸರಿನ ಒತ್ತಕ್ಷರ ಎರಡು ಸಲ ತಿದ್ದಿದೆ. ಟೀಚರ್ ಓದಿ, ಎಲ್ಲೂ ಕೈ ಹಚ್ಚದೆ, ಕೆಳಗೆ ತಮ್ಮ ಸಹಿ ಹಾಕಿದರು. ಮೌಲಾಸಾಬ್ ಹಾಕಿದ. ಚನ್ನಬಸಪ್ಪ ಅಷ್ಟರಲ್ಲಿ ಹೊರಟುಹೋಗಿದ್ದ.

ಕಾಂಕ್ರೀಟು ಬೀಳಲಿಲ್ಲ. ವಿಗ್ರಹ ಈಗಲೂ ಗಿರಣಿಯ ಹಿಂದೆ ನಿಂತಿದೆ, ಒಂದು ಕಾಲು ಮುಂದಿಟ್ಟುಕೊಂಡು, ಎಲ್ಲಿಗೂ ಹೋಗದೆ. ನೂರರ ದಿನ ಬಯಲಲ್ಲಿ ಇದ್ದದ್ದು ಇಷ್ಟೇ: ನಲವತ್ತೊಂದು ಹೆಜ್ಜೆ, ಎದುರುಬದುರು ನಿಂತ ಎರಡು ಜೊತೆ ಕಾಲು, ಪಕ್ಕದಲ್ಲಿ ನನ್ನ ಐದು ಮತ್ತು ಹನ್ನೊಂದು. ಕಟ್ಟೆಯ ಕಲ್ಲಿನಲ್ಲೇ ಒಂದನ್ನು ಆರಿಸಿ ಮೌಲಾಸಾಬ್ ಕೆತ್ತಿದ್ದ: ಹೊತ್ತು ತಂದವಳು ದುರುಗವ್ವ. ಬಂದವನು ಕೊಟ್ರಯ್ಯ. ಬ್ಯಾಂಡಿಲ್ಲ, ಭಾಷಣವಿಲ್ಲ. ಟೀಚರ್ ಎರಡೇ ಮಾತಾಡಿದರು, ಅದರಲ್ಲಿ ಒಂದು, ಹಾಡಿನ ಒಂದು ಸಾಲು ಬದಲಾಯಿಸಬೇಕು ಅನ್ನುವುದು. ಚನ್ನಬಸಪ್ಪ ಬರಲಿಲ್ಲ. ಅವನ ಹೆಂಡತಿ ಬಂದು, ಹಗ್ಗದ ಹತ್ತಿರ ಬಗ್ಗಿ, ಕಾಲುಂಗುರದ ಗೀರನ್ನೇ ಬಹಳ ಹೊತ್ತು ನೋಡಿ ಹೋದಳು. ಈಗ ವಾರದಲ್ಲಿ ಮೂರು ದಿನ ಕುಂಚ ನನ್ನದು. ಸಂಘದಲ್ಲಿ ಈಗಲೂ ಮೂರೇ ಜನ, ಮೂರನೆಯವನು ನಾನು. ಟೀಚರಂಥ ಹೆಂಗಸನ್ನು ಈ ಊರು ಯಾವತ್ತಾದರೂ ಮರೆತರೆ ನಾನು ಚಪ್ಪಲಿ ಬಿಚ್ಚಿ ಪೇಟೆ ಬೀದಿ ತುಂಬ ನಡೆದುಬಿಡುತ್ತೇನೆ, ಎಚ್ಚರ.

ಅಜ್ಜಿಯನ್ನು ಆ ದಿನ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಕಾಲು ನೋವು ನಡೆಯಬೇಡ, ಹೊತ್ತುಕೊಂಡು ಹೋಗುತ್ತೇನೆ ಅಂದಿದ್ದಕ್ಕೆ, "ದುರುಗವ್ವನ ಮೊಮ್ಮಗಳು ಯಾರ ಬೆನ್ನೂ ಹತ್ತಂಗಿಲ್ಲ" ಅಂತ ನಡೆದೇ ಬಂದಿದ್ದಳು. ಎಲ್ಲ ಮುಗಿದು ಜನ ಕರಗಿದ ಮೇಲೂ ಏಳಲಿಲ್ಲ. ಆ ದೊಡ್ಡ ಹೆಜ್ಜೆಗಳನ್ನೇ ನೋಡುತ್ತಾ ಕೂತಿದ್ದಳು. ಸಂಜೆ ಮನೆಗೆ ಬಂದಾಗ ಅಂಗಡಿ ಕಟ್ಟೆಯ ಮೇಲೆ ವಿಗ್ರಹಕ್ಕೆಂದು ತಂದ ಅಳತೆಯಲ್ಲಿ ನಾನು ಆಮೇಲೆ ಹೊಲಿದಿದ್ದ ಜೋಡಿ ಬಿದ್ದಿತ್ತು, ದುರುಗವ್ವನ ಕಾಲಿನಷ್ಟೇ ದೊಡ್ಡದು. ಅಜ್ಜಿ ಅದನ್ನು ಕಂಡಳು. ತನ್ನ ಬಿಗಿ ಚಪ್ಪಲಿಗಳನ್ನು ಕಳಚಿ, ಒಂದರ ಮೇಲೊಂದು ಹತ್ತಿದ ಬೆರಳುಗಳನ್ನು ಕೈಯಿಂದ ಬಿಡಿಸಿಕೊಂಡು, ಆ ಜೋಡಿಯೊಳಗೆ ಕಾಲು ತೂರಿಸಿದಳು. ಎದ್ದು ನಿಂತು ಎರಡು ಹೆಜ್ಜೆ ಹಾಕಿದಳು.

"ಉಂಗುಟದ ಹತ್ರ ಒಂಚೂರು ಬಿಗಿ ಐತಲೇ" ಅಂದಳು. ಕೂತು, ಬಲಗಾಲನ್ನು ಹೊರಗೆಳೆದು ನನ್ನ ತೊಡೆಯ ಮೇಲೆ ಇಟ್ಟಳು. "ಅಳತಿಪಟ್ಟಿ ತಗೊಂಡು ಬಾ."